ಇಲ್ಲಿಂದಲೇ ಟೆಸ್ಲಾ ಷೇರು ಕೊಳ್ಳಬೇಕೆ? ದುಡ್ಡು ಹೋಗುವ ದಾರಿ, ಬರುವ ದಾರಿ ಎರಡನ್ನೂ ತಿಳಿದು ಹೊರಡಿ

2025ರ ಜುಲೈ 15ರಂದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಟೆಸ್ಲಾದ ಮೊದಲ ಶೋರೂಂ ತೆರೆಯಿತು. ಮಾಡೆಲ್ ವೈ ಕಾರಿನ ಬೆಲೆ ಆಗ ಸುಮಾರು 60 ಲಕ್ಷ ರೂಪಾಯಿಯಿಂದ ಶುರುವಾಗುತ್ತಿತ್ತು. ಭಾರತದಲ್ಲಿ ಕಂಪನಿ ನೋಂದಣಿಯಾಗಿದ್ದು ಮಾತ್ರ ಅದಕ್ಕೂ ನಾಲ್ಕೂವರೆ ವರ್ಷ ಮೊದಲು, 2021ರ ಜನವರಿಯಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆಗಿನಿಂದಲೂ ಜನ ಕೇಳುವ ಪ್ರಶ್ನೆ ಒಂದೇ. ಕಾರಂತೂ ಕೊಳ್ಳೋಕಾಗಲ್ಲ, ಷೇರಾದರೂ ಕೊಳ್ಳಬಹುದಾ?

ಧಾರಾಳವಾಗಿ ಕೊಳ್ಳಬಹುದು. ಕಾನೂನಿನ ಅಡ್ಡಿ ಏನೂ ಇಲ್ಲ. ಒಂದು ಇಡೀ ಷೇರಿಗೆ ದುಡ್ಡಿಲ್ಲದಿದ್ದರೆ ಅದರ ಹತ್ತನೇ ಒಂದು ಭಾಗವನ್ನೂ ಕೊಳ್ಳಬಹುದು. ಆಪ್‌ನಲ್ಲಿ ಬಟನ್ ಒತ್ತುವುದು ಎರಡು ನಿಮಿಷದ ಕೆಲಸ. ನಿಜವಾದ ಕೆಲಸ ಇರುವುದು ಅದರ ಹಿಂದೆ ಮತ್ತು ಮುಂದೆ. ರೂಪಾಯಿ ಡಾಲರ್ ಆಗುವಾಗ ಎಷ್ಟು ಸೋರುತ್ತದೆ? ಮಾರಿದಾಗ ತೆರಿಗೆ ಎಷ್ಟು? ಮಾರದೆ ಸುಮ್ನೆ ಇಟ್ಟುಕೊಂಡರೂ ತೆರಿಗೆ ರಿಟರ್ನ್‌ನಲ್ಲಿ ಏನು ಬರೆಯಬೇಕು? ಹೊಸಬರು ಎಡವುವುದು ಇಲ್ಲೇ. ಹಾಗಾಗಿ ಈ ಲೇಖನದಲ್ಲಿ ಕೊಳ್ಳುವ ಮಾತಿಗಿಂತ ಈ ಮಾತೇ ಜಾಸ್ತಿ.

ಇದು ಭಾರತದಲ್ಲಿದ್ದು ಇಲ್ಲೇ ತೆರಿಗೆ ಕಟ್ಟುವವರಿಗೆ ಬರೆದದ್ದು. ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿರುವ ಕನ್ನಡಿಗರಿಗೆ ನಿಯಮ ಬೇರೆ. ಟೆಸ್ಲಾ ಇಲ್ಲಿ ಉದಾಹರಣೆ ಮಾತ್ರ. ಕೊಳ್ಳಿ ಅಂತಲೂ ಹೇಳುತ್ತಿಲ್ಲ, ಬಿಡಿ ಅಂತಲೂ ಹೇಳುತ್ತಿಲ್ಲ.

1. ಕಾರನ್ನಲ್ಲ, ಕಂಪನಿಯ ಲೆಕ್ಕವನ್ನು ನೋಡಿ

ಟೆಸ್ಲಾ 2010ರ ಜೂನ್ 29ರಂದು ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಬಂತು. ಆಗ ಒಂದು ಷೇರಿಗೆ 17 ಡಾಲರ್. 2020ರ ಆಗಸ್ಟ್‌ನಲ್ಲಿ ಒಂದು ಷೇರನ್ನು ಐದು ಮಾಡಿದರು, 2022ರ ಆಗಸ್ಟ್‌ನಲ್ಲಿ ಒಂದನ್ನು ಮೂರು ಮಾಡಿದರು. ಅಂದರೆ ಅವತ್ತಿನ ಒಂದು ಷೇರು ಈಗ ಹದಿನೈದು. ಇವತ್ತಿನ ಲೆಕ್ಕದಲ್ಲಿ ಮೊದಲ ದಿನದ ಬೆಲೆ ಒಂದು ಡಾಲರ್ ಚಿಲ್ಲರೆ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಅದೇ ಷೇರು 479 ಡಾಲರ್ ಮುಟ್ಟಿತು.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಡುವಿನ ಭಾಗ ಹೇಳುವವರು ಕಡಿಮೆ. 2021ರ ನವೆಂಬರ್‌ನಲ್ಲಿ 400 ಡಾಲರ್ ದಾಟಿದ್ದ ಷೇರು 2023ರ ಜನವರಿ ಮೊದಲ ವಾರದಲ್ಲಿ 110ರ ಕೆಳಗೆ ಇಳಿದಿತ್ತು. ನಾಲ್ಕು ಲಕ್ಷ ಹಾಕಿದವರ ಹತ್ತಿರ ಉಳಿದದ್ದು ಒಂದು ಲಕ್ಷದ ಆಸುಪಾಸು. 2025ರ ಜೂನ್ 5ರಂದು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಮತ್ತು ಟ್ರಂಪ್ ಬಹಿರಂಗವಾಗಿ ಜಗಳ ಆಡಿದರು. ಆ ಒಂದೇ ದಿನ ಷೇರು ಶೇ 14ರಷ್ಟು ಬಿತ್ತು. ಕಾರ್ಖಾನೆಯಲ್ಲಿ ಏನೂ ಆಗಿರಲಿಲ್ಲ. ಇಂಥದ್ದನ್ನು ನೋಡಿಯೂ ನಿದ್ದೆ ಮಾಡೋಕಾಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಈಗ ಗಳಿಕೆಗೆ ಬರೋಣ. 2024ರಲ್ಲಿ ಕಂಪನಿಯ ಒಟ್ಟು ವಹಿವಾಟು ಸುಮಾರು 9,770 ಕೋಟಿ ಡಾಲರ್. ನಿವ್ವಳ ಲಾಭ ಸುಮಾರು 710 ಕೋಟಿ ಡಾಲರ್. ಅದೇ ವರ್ಷ ಬರೀ ಹೊಗೆ ಕ್ರೆಡಿಟ್ ಮಾರಿದ್ದರಿಂದ ಬಂದದ್ದು ಸುಮಾರು 276 ಕೋಟಿ ಡಾಲರ್. ಏನಿದು ಹೊಗೆ ಕ್ರೆಡಿಟ್? ಮಾಲಿನ್ಯದ ಮಿತಿಯೊಳಗೆ ಬರಲಾಗದ ಪೆಟ್ರೋಲ್ ಕಾರು ಕಂಪನಿಗಳು, ಮಿತಿಗಿಂತ ಚೆನ್ನಾಗಿರುವ ಕಂಪನಿಯಿಂದ ದುಡ್ಡು ಕೊಟ್ಟು ಪಡೆಯುವ ಅಂಕ ಅಂತ ತಿಳಿಯಿರಿ. ಟೆಸ್ಲಾಗೆ ಇದರಲ್ಲಿ ಖರ್ಚು ಹೆಚ್ಚುಕಡಿಮೆ ಸೊನ್ನೆ. ಆದರೆ 2025ರ ಜುಲೈನಲ್ಲಿ ಬಂದ ಅಮೆರಿಕದ ಕಾಯ್ದೆ, ಇಂಧನ ದಕ್ಷತೆಯ ನಿಯಮ ಮುರಿದವರಿಗೆ ಇದ್ದ ದಂಡವನ್ನೇ ತೆಗೆದುಹಾಕಿತು. ದಂಡವೇ ಇಲ್ಲದ ಮೇಲೆ ಅಂಕ ಯಾರು ಕೊಳ್ಳುತ್ತಾರೆ? ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯೂ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಮಾರಾಟದ ಕಡೆ ನೋಡಿದರೆ, 2023ರಲ್ಲಿ ಸುಮಾರು 18.1 ಲಕ್ಷ ಕಾರು ಕೊಟ್ಟಿದ್ದ ಕಂಪನಿ 2024ರಲ್ಲಿ ಕೊಟ್ಟದ್ದು 17.9 ಲಕ್ಷ, 2025ರಲ್ಲಿ ಸುಮಾರು 16.4 ಲಕ್ಷ. ಚೀನಾದ ಬಿವೈಡಿ 2025ರಲ್ಲಿ ಪೂರ್ಣ ಬ್ಯಾಟರಿಯ ಕಾರುಗಳನ್ನೇ 22 ಲಕ್ಷಕ್ಕೂ ಮೇಲೆ ಮಾರಿ ಮುಂದೆ ಹೋಯಿತು. ಇಷ್ಟಾದರೂ 2025ರ ಕೊನೆಗೆ ಟೆಸ್ಲಾ ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ನೂರು ಪಟ್ಟಿಗಿಂತ ಎಷ್ಟೋ ಜಾಸ್ತಿ ಇತ್ತು. ಕಾರು ಮಾರಾಟ ಇಳಿಯುತ್ತಿರುವಾಗ ಈ ಬೆಲೆ ಹೇಗೆ? ಕೊಳ್ಳುವವರು ನೋಡುತ್ತಿರುವುದು ಇವತ್ತಿನ ಕಾರನ್ನಲ್ಲ. ಡ್ರೈವರ್ ಇಲ್ಲದ ಟ್ಯಾಕ್ಸಿ, ರೋಬೋ, ವಿದ್ಯುತ್ ಕೂಡಿಡುವ ದೊಡ್ಡ ಬ್ಯಾಟರಿ ಇವುಗಳ ಮೇಲಿನ ನಂಬಿಕೆಗೆ ಅವರು ದುಡ್ಡು ಕೊಡುತ್ತಿದ್ದಾರೆ. ನಿಮಗೂ ಆ ನಂಬಿಕೆ ಇದ್ದರೆ ಸರಿ. 'ಎಲೆಕ್ಟ್ರಿಕ್ ಕಾರಿಗೆ ಭವಿಷ್ಯ ಇದೆ' ಅನ್ನುವುದಷ್ಟೇ ನಿಮ್ಮ ಕಾರಣವಾದರೆ ಈ ಷೇರಿಗೆ ಅದು ಸಾಲದು.

ಭವಿಷ್ಯ ಇರುವ ಉದ್ಯಮದಲ್ಲೂ ಕಂಪನಿಗಳು ಮುಳುಗುತ್ತವೆ. ಲಾರ್ಡ್ಸ್‌ಟೌನ್ 2023ರಲ್ಲಿ, ಫಿಸ್ಕರ್ 2024ರಲ್ಲಿ, ಟ್ರಕ್ ಮಾಡುತ್ತಿದ್ದ ನಿಕೋಲಾ 2025ರಲ್ಲಿ ದಿವಾಳಿ ಅರ್ಜಿ ಹಾಕಿದವು. ಮೂರೂ ಅಮೆರಿಕದ ಎಕ್ಸ್‌ಚೇಂಜ್‌ಗಳಲ್ಲಿ ಲಿಸ್ಟ್ ಆಗಿದ್ದವೇ. ರಿವಿಯನ್ 2021ರ ನವೆಂಬರ್‌ನಲ್ಲಿ 78 ಡಾಲರ್‌ಗೆ ಬಂದು ಒಂದೇ ವಾರದಲ್ಲಿ 170 ದಾಟಿತು. 2024ರ ಏಪ್ರಿಲ್‌ನಲ್ಲಿ ಹತ್ತು ಡಾಲರ್‌ಗೂ ಕೆಳಗಿತ್ತು. ಈಗ ತಮಿಳುನಾಡಿನ ತೂತ್ತುಕುಡಿಯಲ್ಲಿ ಕಾರ್ಖಾನೆ ತೆರೆದಿರುವ ವಿಯೆಟ್ನಾಂನ ವಿನ್‌ಫಾಸ್ಟ್ 2023ರ ಆಗಸ್ಟ್‌ನಲ್ಲಿ ನಾಸ್ಡಾಕ್‌ಗೆ ಬಂದು, ಕೆಲವು ದಿನ ಫೋರ್ಡ್‌ಗಿಂತ ದೊಡ್ಡ ಕಂಪನಿ ಅನ್ನಿಸಿಕೊಂಡಿತು. ಆ ವರ್ಷದ ಕೊನೆಗೆ ಅದೂ ಹತ್ತು ಡಾಲರ್‌ಗಿಂತ ಕೆಳಗೆ.

ಈ ಲೆಕ್ಕಗಳನ್ನು ಯಾರ ಬಾಯಲ್ಲೂ ಕೇಳಬೇಕಿಲ್ಲ. ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ ಎಸ್‌ಇಸಿಯ 'ಎಡ್ಗರ್' ಜಾಲತಾಣದಲ್ಲಿ, ಲಿಸ್ಟ್ ಆಗಿರುವ ಅಮೆರಿಕದ ಪ್ರತಿ ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. '10-ಕೆ' ಅನ್ನುವ ಹೆಸರಲ್ಲಿ ಹುಡುಕಿ. ಪೂರ್ತಿ ಓದೋಕೆ ಆಗದಿದ್ದರೆ 'ರಿಸ್ಕ್ ಫ್ಯಾಕ್ಟರ್ಸ್' ಅನ್ನುವ ಭಾಗವನ್ನಾದರೂ ಓದಿ. ಏನೇನು ಕೆಡಬಹುದು ಅಂತ ಕಂಪನಿಯೇ ತನ್ನ ಕೈಯಾರೆ ಬರೆದಿರುತ್ತದೆ.

2. ಯಾವ ದಾರಿಯಲ್ಲಿ ಹೋಗುತ್ತೀರಿ?

ಸುಲಭದ್ದು ಮ್ಯೂಚುವಲ್ ಫಂಡ್. ನಾಸ್ಡಾಕ್ 100 ಸೂಚ್ಯಂಕದ ಹಿಂದೆ ಹೋಗುವ ಫಂಡ್ ಅಥವಾ ಇಟಿಎಫ್ (ಷೇರಿನ ಹಾಗೆ ಎಕ್ಸ್‌ಚೇಂಜ್‌ನಲ್ಲಿ ಕೊಳ್ಳುವ ಫಂಡ್) ಕೊಂಡರೆ ಅದರೊಳಗೆ ಟೆಸ್ಲಾ ಇದ್ದೇ ಇರುತ್ತದೆ, ಜೊತೆಗೆ ಆ್ಯಪಲ್, ಮೈಕ್ರೋಸಾಫ್ಟ್ ಎಲ್ಲ. ರೂಪಾಯಿಯಲ್ಲೇ ಕೊಳ್ಳುತ್ತೀರಿ, ವಿದೇಶಿ ಆಸ್ತಿ ಅಂತ ರಿಟರ್ನ್‌ನಲ್ಲಿ ತೋರಿಸುವ ಕೆಲಸ ಇಲ್ಲ. ಒಂದೇ ತೊಡಕು. ಭಾರತದ ಎಲ್ಲ ಫಂಡ್‌ಗಳೂ ಸೇರಿ ವಿದೇಶಿ ಷೇರಿಗೆ ಹಾಕಬಹುದಾದ ದುಡ್ಡಿಗೆ 700 ಕೋಟಿ ಡಾಲರ್ ಮಿತಿ ಇದೆ. 2022ರಿಂದ ಈ ಮಿತಿಯ ಕಾಟದಿಂದ ಎಷ್ಟೋ ಫಂಡ್‌ಗಳು ಹೊಸ ದುಡ್ಡು ತೆಗೆದುಕೊಳ್ಳುವುದನ್ನು ಆಗಾಗ ನಿಲ್ಲಿಸುತ್ತಿವೆ. ಇಟಿಎಫ್‌ಗಳು ತಮ್ಮ ನಿಜ ಬೆಲೆಗಿಂತ ದುಬಾರಿಗೆ ಮಾರಾಟವಾಗುವುದೂ ಉಂಟು. ಕೊಳ್ಳುವ ಮುಂಚೆ ಫಂಡ್ ಮನೆಯ ಜಾಲತಾಣದಲ್ಲಿ ಆ ಹೊತ್ತಿನ ನಿಜ ಬೆಲೆ ನೋಡಿ.

ಎರಡನೆಯದು ನೇರವಾಗಿ ಷೇರು ಕೊಳ್ಳುವುದು. ವೆಸ್ಟೆಡ್, ಐಎನ್‌ಡಿಮನಿ ಥರದ ಆಪ್‌ಗಳು ನಿಮ್ಮ ಹೆಸರಲ್ಲಿ ಅಮೆರಿಕದ ಬ್ರೋಕರ್ ಹತ್ತಿರ ಖಾತೆ ತೆರೆಸುತ್ತವೆ. ಇಂಟರ್‌ಆ್ಯಕ್ಟಿವ್ ಬ್ರೋಕರ್ಸ್ ಥರದವರ ಹತ್ತಿರ ನೀವೇ ಹೋಗಬಹುದು. ಕೆಲವು ಬ್ಯಾಂಕ್‌ಗಳ ಷೇರು ವಿಭಾಗಗಳೂ ಈ ಸೇವೆ ಕೊಡುತ್ತವೆ.

ಮೂರನೆಯದು ಗುಜರಾತಿನ ಗಿಫ್ಟ್ ಸಿಟಿ. ಅಲ್ಲಿನ ಎಕ್ಸ್‌ಚೇಂಜ್ ಎನ್‌ಎಸ್‌ಇ ಐಎಕ್ಸ್ 2022ರ ಮಾರ್ಚ್‌ನಲ್ಲಿ ಟೆಸ್ಲಾ ಸೇರಿ ಎಂಟು ಅಮೆರಿಕನ್ ಷೇರುಗಳ ರಸೀದಿ, ಅಂದರೆ ಷೇರಿನ ಬದಲಿಗೆ ಅದರ ಮೇಲಿನ ಹಕ್ಕುಪತ್ರದ ವ್ಯಾಪಾರ ಶುರು ಮಾಡಿತು. ನೆಲ ನಮ್ಮದೇ ಆದರೂ ವ್ಯವಹಾರ ಡಾಲರ್‌ನಲ್ಲಿ, ಹಾಗಾಗಿ ವಿದೇಶಕ್ಕೆ ದುಡ್ಡು ಕಳಿಸುವ ನಿಯಮವೇ ಇಲ್ಲಿಗೂ.

ಬಿವೈಡಿ ಬೇಕು ಅನ್ನುವವರಿಗೆ ಒಂದು ಮಾತು. ಅದು ಹಾಂಗ್‌ಕಾಂಗ್ ಮತ್ತು ಶೆನ್‌ಜೆನ್‌ನಲ್ಲಿ ಲಿಸ್ಟ್ ಆಗಿದೆ. ನಮ್ಮ ಆಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ನ್ಯೂಯಾರ್ಕ್‌ನ ಎರಡು ದೊಡ್ಡ ಎಕ್ಸ್‌ಚೇಂಜ್‌ಗಳ ಷೇರು. ಹಾಂಗ್‌ಕಾಂಗ್ ಬಾಗಿಲು ಇರುವ ಬ್ರೋಕರ್ ಬೇಕಾಗುತ್ತದೆ. ನಿಯೋ, ಎಕ್ಸ್‌ಪೆಂಗ್ ಥರದ ಚೀನಾ ಕಂಪನಿಗಳ ರಸೀದಿ ಮಾತ್ರ ನ್ಯೂಯಾರ್ಕ್‌ನಲ್ಲೇ ಸಿಗುತ್ತದೆ.

ನನ್ನ ಮಟ್ಟಿಗೆ, ಒಟ್ಟು ಹಾಕುವ ದುಡ್ಡು ಒಂದು ಲಕ್ಷದೊಳಗೆ ಇದ್ದರೆ ಮೊದಲ ದಾರಿಯೇ ಸಾಕು. ಯಾಕೆ ಅಂತ ನಾಲ್ಕನೇ ಹಂತದ ಲೆಕ್ಕದಲ್ಲಿ ಗೊತ್ತಾಗುತ್ತದೆ.

3. ಖಾತೆ ತೆರೆಯುವುದು

ಇದು ಹೂವೆತ್ತಿದಷ್ಟು ಸುಲಭ. ಪ್ಯಾನ್, ಆಧಾರ್ ಅಥವಾ ಪಾಸ್‌ಪೋರ್ಟ್, ವಿಳಾಸದ ದಾಖಲೆ, ಒಂದು ಸೆಲ್ಫಿ. ಒಂದೆರಡು ದಿನದಲ್ಲಿ ಖಾತೆ ತಯಾರು.

ನಡುವೆ 'ಡಬ್ಲ್ಯೂ-8 ಬೆನ್' ಅನ್ನುವ ಫಾರ್ಮ್ ಬರುತ್ತದೆ. 'ನಾನು ಅಮೆರಿಕದವನಲ್ಲ, ಭಾರತದಲ್ಲಿ ತೆರಿಗೆ ಕಟ್ಟುವವನು' ಅಂತ ಬರೆದುಕೊಡುವ ಕಾಗದ ಅದು. ತೆರಿಗೆ ಸಂಖ್ಯೆ ಕೇಳುವಲ್ಲಿ ನಿಮ್ಮ ಪ್ಯಾನ್ ಹಾಕಿ. ಇದು ಇದ್ದರೆ ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭ) ಮೇಲೆ ಅಮೆರಿಕ ಶೇ 30ರ ಬದಲು ಶೇ 25 ಹಿಡಿಯುತ್ತದೆ. ಟೆಸ್ಲಾ ಇಲ್ಲಿಯವರೆಗೆ ಡಿವಿಡೆಂಡ್ ಕೊಟ್ಟಿಲ್ಲ, ನಿಜ. ನಾಳೆ ನೀವು ಬೇರೆ ಷೇರು ಕೊಂಡಾಗ ಬೇಕಾಗುತ್ತದೆ. ಸಹಿ ಹಾಕಿದ ವರ್ಷ ಬಿಟ್ಟು ಮೂರು ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ತುಂಬಬೇಕು.

ಖಾತೆ ತೆರೆಯುವ ಮುಂಚೆ ಎರಡು ವಿಷಯ ಪರೀಕ್ಷಿಸಿ. ಆಪ್‌ನ ಹಿಂದೆ ಇರುವ ಅಮೆರಿಕದ ಬ್ರೋಕರ್ ಯಾರು? ಆ ಹೆಸರನ್ನು ಅಲ್ಲಿನ ಬ್ರೋಕರ್‌ಗಳ ಮೇಲೆ ಕಣ್ಣಿಡುವ ಫಿನ್ರಾ ಸಂಸ್ಥೆಯ 'ಬ್ರೋಕರ್‌ಚೆಕ್' ಜಾಲತಾಣದಲ್ಲಿ ಹುಡುಕಿ. ಅದು ಎಸ್‌ಐಪಿಸಿ ಸದಸ್ಯನೇ? ಬ್ರೋಕರ್ ಮುಳುಗಿದರೆ 5 ಲಕ್ಷ ಡಾಲರ್‌ವರೆಗೆ ಎಸ್‌ಐಪಿಸಿ ರಕ್ಷಣೆ ಇದೆ, ಅದರಲ್ಲಿ ನಗದಿಗೆ ಮಿತಿ ಎರಡೂವರೆ ಲಕ್ಷ. ಷೇರು ಬೆಲೆ ಬಿದ್ದರೆ ಮಾತ್ರ ಯಾರೂ ಕೊಡಲ್ಲ.

ಇನ್ನೊಂದು ಎಚ್ಚರಿಕೆ. 'ಹತ್ತು ಸಾವಿರ ಹಾಕಿ, ಎರಡು ಲಕ್ಷದ ಟೆಸ್ಲಾ ವ್ಯಾಪಾರ ಮಾಡಿ' ಅನ್ನುವ ಆಪ್‌ಗಳಲ್ಲಿ ನಿಮಗೆ ಸಿಗುವುದು ಷೇರಲ್ಲ, ಬೆಲೆಯ ಮೇಲಿನ ಜೂಜು. ಮಾರ್ಜಿನ್‌ಗಾಗಿ, ಅಂದರೆ ಇಂಥ ವ್ಯಾಪಾರಕ್ಕೆ ಇಡುವ ಠೇವಣಿಗಾಗಿ ವಿದೇಶಕ್ಕೆ ದುಡ್ಡು ಕಳಿಸುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವೇ ಇಲ್ಲ. ಅನುಮತಿ ಇಲ್ಲದ ಫಾರೆಕ್ಸ್ ವೇದಿಕೆಗಳ ಹೆಸರನ್ನು ರಿಸರ್ವ್ ಬ್ಯಾಂಕ್ ತನ್ನ 'ಅಲರ್ಟ್ ಲಿಸ್ಟ್'ನಲ್ಲಿ ಹಾಕಿದೆ, ನೋಡಿಕೊಳ್ಳಿ. ಮಸ್ಕ್ ಮುಖ ಇಟ್ಟು ಮಾಡಿದ ವಿಡಿಯೋ, ವಾಟ್ಸ್ಆ್ಯಪ್ ಗುಂಪಿನ 'ಸರ್', ಯಾರದೋ ಹೆಸರಿನ ಯುಪಿಐಗೆ ದುಡ್ಡು ಹಾಕಿ ಅನ್ನುವುದು ಇವೆಲ್ಲ ಮೋಸವೇ. ಸಿಕ್ಕಿಹಾಕಿಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

4. ದುಡ್ಡು ಕಳಿಸುವುದು: ಸೋರುವುದು ಇಲ್ಲೇ

ಭಾರತದಿಂದ ಹೊರಗೆ ದುಡ್ಡು ಕಳಿಸೋಕೆ ರಿಸರ್ವ್ ಬ್ಯಾಂಕಿನ ಯೋಜನೆ ಒಂದಿದೆ, ಎಲ್‌ಆರ್‌ಎಸ್ ಅಂತಾರೆ. 2004ರಲ್ಲಿ 25,000 ಡಾಲರ್ ಮಿತಿಯಿಂದ ಶುರುವಾಯಿತು. ಈಗ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ಹೊಸಬರಿಗೆ ಇದು ಮಿತಿಯೇ ಅಲ್ಲ ಬಿಡಿ. ಸಾಲ ಮಾಡಿ ಕಳಿಸುವಂತಿಲ್ಲ, ಕ್ರೆಡಿಟ್ ಕಾರ್ಡಿನಲ್ಲೂ ಆಗಲ್ಲ. ನಿಮ್ಮದೇ ಬ್ಯಾಂಕ್ ಖಾತೆಯಿಂದ ಹೋಗಬೇಕು.

ಬ್ಯಾಂಕಿನಲ್ಲಿ 'ಎ2' ಫಾರ್ಮ್ ತುಂಬಿಸುತ್ತಾರೆ. ಈಗ ಬಹುಪಾಲು ಆನ್‌ಲೈನ್. ಉದ್ದೇಶದ ಕೋಡ್ ಕೇಳುತ್ತದೆ. ವಿದೇಶಿ ಷೇರಿನಲ್ಲಿ ಹೂಡಿಕೆಗೆ 'ಎಸ್0001'. ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅಂತ ಮನೆಯವರ ಖರ್ಚಿನ ಕೋಡ್ ಒತ್ತಬೇಡಿ. ದುಡ್ಡು ಹೋಗುವುದು ಬ್ರೋಕರ್ ಹೆಸರಿನ ಒಂದೇ ದೊಡ್ಡ ಖಾತೆಗೆ. ಅದು ನಿಮ್ಮದು ಅಂತ ಅವರಿಗೆ ಗೊತ್ತಾಗಬೇಕಾದರೆ ಷರಾ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಬ್ರೋಕರ್ ಖಾತೆ ಸಂಖ್ಯೆ ಬರೆಯಲೇಬೇಕು. ಬಿಟ್ಟರೆ ದುಡ್ಡು ಎಲ್ಲೂ ಹೋಗಲ್ಲ, ಆದರೆ ವಾರಗಟ್ಟಲೆ ಅಲ್ಲೇ ಕೂತಿರುತ್ತದೆ. ಕಳಿಸಿದ ಮೇಲೆ ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿ (ದುಡ್ಡು ಹೋದದ್ದಕ್ಕೆ ಪುರಾವೆ) ಕೇಳಿ ಇಟ್ಟುಕೊಳ್ಳಿ.

ಈಗ ಆ ಲೆಕ್ಕ. ಬ್ಯಾಂಕ್ ಒಂದು ಸಲ ಕಳಿಸೋಕೆ 500 ರೂಪಾಯಿ ಶುಲ್ಕ ತೆಗೆದುಕೊಳ್ಳುತ್ತದೆ, ಡಾಲರ್ ದರದ ಮೇಲೆ ಶೇ 1.5 ಸೇರಿಸುತ್ತದೆ ಅಂತ ಇಟ್ಟುಕೊಳ್ಳೋಣ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬೇರೆ ಬೇರೆ. 50,000 ರೂಪಾಯಿ ಕಳಿಸುತ್ತೀರಿ. ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90. ಡಾಲರ್ ಮಾಡಿಸಿದ್ದಕ್ಕೆ ಇನ್ನೊಂದು ಜಿಎಸ್‌ಟಿ ಇದೆ, ಈ ಮೊತ್ತಕ್ಕೆ ಅದೂ 90. ದರದಲ್ಲಿ ಹೋದದ್ದು 750. ಒಟ್ಟು 1,430 ರೂಪಾಯಿ. ಅಂದರೆ ಷೇರು ಸುಮಾರು ಶೇ 3 ಏರಿದರೆ ನೀವು ಹೊರಟ ಜಾಗಕ್ಕೆ ಬಂದಿರಿ.

ಅದೇ 5,000 ರೂಪಾಯಿ ಕಳಿಸಿ ನೋಡಿ. ಶುಲ್ಕ ಮತ್ತು ಅದರ ಜಿಎಸ್‌ಟಿ 590. ಡಾಲರ್ ಮೇಲಿನ ಜಿಎಸ್‌ಟಿ ಕನಿಷ್ಠ 45. ದರದಲ್ಲಿ 75. ಒಟ್ಟು 710 ರೂಪಾಯಿ. ಷೇರು ಕೊಳ್ಳುವ ಮೊದಲೇ ಶೇ 14 ಮಾಯ! ನಮ್ಮ ಮ್ಯೂಚುವಲ್ ಫಂಡ್ ಅಭ್ಯಾಸದಲ್ಲಿ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕುವುದು ಒಳ್ಳೆಯದು, ಅಲ್ವಾ? ಇಲ್ಲಿ ಆ ಅಭ್ಯಾಸವೇ ಜೇಬು ಕತ್ತರಿಸುತ್ತದೆ. ಕೆಲವು ಆಪ್‌ಗಳು ಬ್ಯಾಂಕಿನ ಜೊತೆ ಮಾತಾಡಿ ಶುಲ್ಕ ಬಿಟ್ಟಿರುತ್ತವೆ. ಆಗ ದರದ ಕಡೆ ಕಣ್ಣಿಡಿ. 'ಸೊನ್ನೆ ಶುಲ್ಕ' ಅಂದವರು ದರದಲ್ಲಿ ತೆಗೆದಿರುತ್ತಾರೆ. ಆ ಹೊತ್ತಿನ ಮಾರುಕಟ್ಟೆ ಡಾಲರ್ ದರವನ್ನು ಇನ್ನೊಂದು ಕಿಟಕಿಯಲ್ಲಿ ತೆರೆದು ಹೋಲಿಸಿ. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಒಟ್ಟಿಗೆ ಕಳಿಸಿ, ಷೇರನ್ನು ಬೇಕಾದರೆ ಅಲ್ಲಿ ಬಿಡಿಸಿ ಕೊಳ್ಳಿ.

ಆದರೆ ಡಾಲರ್ ಅನ್ನು ಅಲ್ಲಿ ಸುಮ್ನೆ ಇಡುವಂತಿಲ್ಲ. ಹೂಡದೆ ಉಳಿದ ದುಡ್ಡನ್ನು 180 ದಿನದೊಳಗೆ ಹೂಡಬೇಕು, ಇಲ್ಲವೇ ವಾಪಸ್ ತರಬೇಕು. ಷೇರು ಮಾರಿ ಬಂದ ದುಡ್ಡಿಗೂ ಇದೇ ನಿಯಮ.

ಹತ್ತು ಲಕ್ಷ ರೂಪಾಯಿ ದಾಟಿದವರಿಗೆ ಮಾತ್ರ ಇನ್ನೊಂದು ವಿಷಯ. 2025ರ ಏಪ್ರಿಲ್ 1ರಿಂದ, ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷಕ್ಕಿಂತ ಮೇಲೆ ಹೂಡಿಕೆಗೆ ಕಳಿಸಿದ ದುಡ್ಡಿನ ಮೇಲೆ ಬ್ಯಾಂಕ್ ಶೇ 20 ಟಿಸಿಎಸ್, ಅಂದರೆ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ ಹಿಡಿಯುತ್ತದೆ. ಎಲ್ಲ ಬ್ಯಾಂಕ್‌ಗಳಿಂದ ಕಳಿಸಿದ್ದೂ ಪ್ಯಾನ್ ಮೇಲೆ ಒಟ್ಟಾಗುತ್ತದೆ. ಇದು ಹೋಗಿಬಿಡುವ ದುಡ್ಡಲ್ಲ. ನಿಮ್ಮ ವರ್ಷದ ತೆರಿಗೆಗೆ ವಜಾ ಆಗುತ್ತದೆ, ಜಾಸ್ತಿ ಇದ್ದರೆ ರೀಫಂಡ್. ಸಂಬಳದವರು ಕಚೇರಿಯಲ್ಲಿ ತಿಳಿಸಿದರೆ ಟಿಡಿಎಸ್‌ನಲ್ಲೇ ಕಡಿಮೆ ಮಾಡಿಕೊಡುತ್ತಾರೆ.

5. ಆರ್ಡರ್ ಹಾಕುವುದು

ಟೆಸ್ಲಾದ ಗುರುತು 'ಟಿಎಸ್‌ಎಲ್‌ಎ'. ಮಾರುಕಟ್ಟೆ ತೆರೆಯುವುದು ನಮ್ಮ ಸಂಜೆ 7ಕ್ಕೆ, ಮುಚ್ಚುವುದು ರಾತ್ರಿ 1.30ಕ್ಕೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಮೆರಿಕದವರು ಗಡಿಯಾರ ಬದಲಿಸುವುದರಿಂದ ಇದು ಒಂದು ಗಂಟೆ ತಡ, ರಾತ್ರಿ 8ರಿಂದ 2.30.

ಇಡೀ ಷೇರು ಕೊಳ್ಳುವುದಾದರೆ 'ಲಿಮಿಟ್ ಆರ್ಡರ್' ಹಾಕಿ, ಅಂದರೆ 'ಇಷ್ಟಕ್ಕಿಂತ ಮೇಲೆ ಬೇಡ' ಅಂತ ಬೆಲೆ ಬರೆದು. ಡಾಲರ್ ಲೆಕ್ಕದಲ್ಲಿ ತುಣುಕು ಕೊಂಡರೆ ಸಾಮಾನ್ಯವಾಗಿ ಆ ಕ್ಷಣದ ಬೆಲೆಗೇ ಸಿಗುತ್ತದೆ. ಆಗ ಮಾರುಕಟ್ಟೆ ತೆರೆದ ಮೊದಲ ಅರ್ಧ ಗಂಟೆ ಬಿಟ್ಟುಬಿಡಿ, ಆ ಹೊತ್ತಲ್ಲಿ ಬೆಲೆ ಕುಣಿಯುತ್ತಿರುತ್ತದೆ. ತುಣುಕು ಷೇರನ್ನು ಮುಂದೆ ಬೇರೆ ಬ್ರೋಕರ್‌ಗೆ ಸಾಗಿಸೋಕೆ ಸಾಮಾನ್ಯವಾಗಿ ಆಗಲ್ಲ, ಮಾರಿಯೇ ಹೋಗಬೇಕು ಅನ್ನುವುದೂ ತಲೆಯಲ್ಲಿರಲಿ.

ಟೆಸ್ಲಾ ಪ್ರತಿ ಮೂರು ತಿಂಗಳಿಗೆ ಎಷ್ಟು ಕಾರು ಕೊಟ್ಟೆ ಅನ್ನುವ ಸಂಖ್ಯೆಯನ್ನು ಮುಂದಿನ ತಿಂಗಳ ಮೊದಲ ದಿನಗಳಲ್ಲೇ ಪ್ರಕಟಿಸುತ್ತದೆ. ಲಾಭದ ಲೆಕ್ಕ ಅದಾದ ಕೆಲವು ವಾರಕ್ಕೆ, ಮಾರುಕಟ್ಟೆ ಮುಚ್ಚಿದ ಮೇಲೆ, ಅಂದರೆ ನಮ್ಮ ಬೆಳಗಿನ ಜಾವ. ಮರುದಿನ ಷೇರು ಎಲ್ಲಿ ತೆರೆಯುತ್ತದೋ ದೇವರೇ ಬಲ್ಲ. ಹೊಸಬರು ಆ ವಾರಗಳಲ್ಲಿ ಕೈ ಹಾಕದಿದ್ದರೆ ನಷ್ಟವೇನೂ ಇಲ್ಲ.

ಮಾಡಬೇಕಾದ ಮುಖ್ಯ ಕೆಲಸ ಆರ್ಡರ್ ಆದ ಮೇಲಿನದು. ದಿನಾಂಕ, ಷೇರು ಸಂಖ್ಯೆ, ಡಾಲರ್ ಬೆಲೆ, ಆ ದಿನದ ರೂಪಾಯಿ ದರ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆಪ್‌ನವರು ಕೊಡುತ್ತಾರಲ್ಲ ಅಂತ ಸುಮ್ಮನಾಗಬೇಡಿ. ಆಪ್ ಸೇವೆ ನಿಲ್ಲಿಸಿದರೆ ಹಳೇ ಲೆಕ್ಕಕ್ಕೆ ಪರದಾಡಬೇಕಾಗುತ್ತದೆ.

6. ಮಾರಿದಾಗ

ಲಾಭಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5, ಜೊತೆಗೆ ಸೆಸ್. ಅದಕ್ಕಿಂತ ಮುಂಚೆ ಮಾರಿದರೆ ನಿಮ್ಮ ಸಂಬಳದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ. ಭಾರತದ ಷೇರುಗಳಿಗೆ ಒಂದು ವರ್ಷ ಸಾಕು, ಜೊತೆಗೆ ಒಂದೂಕಾಲು ಲಕ್ಷದ ವಿನಾಯಿತಿ ಇದೆ. ಇಲ್ಲಿ ಅದೆರಡೂ ಇಲ್ಲ.

ಲಾಭ ಎಣಿಸುವುದು ರೂಪಾಯಿಯಲ್ಲಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಡಾಲರ್‌ಗೆ 84 ರೂಪಾಯಿ ಇದ್ದಾಗ 200 ಡಾಲರ್‌ಗೆ ಒಂದು ಷೇರು ಕೊಂಡಿರಿ. ಡಾಲರ್ 90 ರೂಪಾಯಿ ಆದಾಗ ಅದೇ 200 ಡಾಲರ್‌ಗೆ ಮಾರಿದಿರಿ. ಷೇರಿನಿಂದ ಒಂದು ಸೆಂಟೂ ಲಾಭ ಇಲ್ಲ. ಆದರೆ ರೂಪಾಯಿಯಲ್ಲಿ 16,800 ಹೋಗಿ 18,000 ಬಂತು. ಆ 1,200ಕ್ಕೆ ತೆರಿಗೆ ಕಟ್ಟಬೇಕು. ಮಾರಾಟದ ದುಡ್ಡನ್ನು ರೂಪಾಯಿಗೆ ಬದಲಿಸಿ ತೋರಿಸುವಾಗ ಮಾರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ 'ಟಿಟಿ ಬೈಯಿಂಗ್' ದರ (ಬ್ಯಾಂಕ್ ಡಾಲರ್ ಕೊಳ್ಳುವ ದರ) ಹಿಡಿಯುತ್ತಾರೆ. ಡಾಲರ್ ಏರಿಕೆ ನಿಮ್ಮ ಪಾಲಿಗೆ ಒಳ್ಳೆಯದೇ. 2011ರ ಮಧ್ಯದಲ್ಲಿ 45 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90 ದಾಟಿತು.

ನಷ್ಟವಾದರೂ ರಿಟರ್ನ್‌ನಲ್ಲಿ ತೋರಿಸಿ. ಅಲ್ಪಾವಧಿ (24 ತಿಂಗಳೊಳಗೆ ಮಾರಿದ್ದರ) ನಷ್ಟವನ್ನು ಭಾರತದ ಷೇರು ಲಾಭದ ಜೊತೆಗೂ ವಜಾ ಮಾಡಬಹುದು, ದೀರ್ಘಾವಧಿಯದ್ದನ್ನು ದೀರ್ಘಾವಧಿ ಲಾಭದ ಜೊತೆ ಮಾತ್ರ. ಉಳಿದದ್ದು ಎಂಟು ವರ್ಷ ಮುಂದೆ ಹೋಗುತ್ತದೆ, ಗಡುವಿನೊಳಗೆ ರಿಟರ್ನ್ ಹಾಕಿದ್ದರೆ. ಲಾಭ ದೊಡ್ಡದಿದ್ದರೆ ಮುಂಗಡ ತೆರಿಗೆ ಕಟ್ಟಿ. ಅಮೆರಿಕದ ಬ್ರೋಕರ್ ನಿಮ್ಮ ಪರವಾಗಿ ಟಿಡಿಎಸ್ ಹಿಡಿಯಲ್ಲ.

7. ಮಾರದಿದ್ದರೂ ರಿಟರ್ನ್‌ನಲ್ಲಿ ತೋರಿಸಬೇಕು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀನಿ ಅನ್ನುವವರು ಇದನ್ನು ಓದಿ.

ಅರ್ಧ ಷೇರು ಇದ್ದರೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ 'ಷೆಡ್ಯೂಲ್ ಎಫ್‌ಎ'ಯಲ್ಲಿ ಬರೆಯಬೇಕು. ಹಾಗಾಗಿ ಸರಳವಾದ ಐಟಿಆರ್-1 ನಿಮಗೆ ನಡೆಯಲ್ಲ, ಐಟಿಆರ್-2 ಅಥವಾ 3 ತುಂಬಬೇಕು. ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ರಿಟರ್ನ್ ಹಾಕಲೇಬೇಕು. ಹೆಂಡತಿಯ ಹೆಸರಲ್ಲೋ ಅಮ್ಮನ ಹೆಸರಲ್ಲೋ ಖಾತೆ ತೆರೆದು ಸುಮ್ಮನಿರುವವರು ಇದನ್ನು ಗಮನಿಸಿ.

ಇಲ್ಲಿ ಲೆಕ್ಕ ಕ್ಯಾಲೆಂಡರ್ ವರ್ಷದ್ದು, ಜನವರಿಯಿಂದ ಡಿಸೆಂಬರ್. 2026ರ ಜುಲೈನಲ್ಲಿ ನೀವು ಹಾಕುವ ರಿಟರ್ನ್‌ನಲ್ಲಿ 2025ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ನಿಮ್ಮ ಹತ್ತಿರ ಇದ್ದದ್ದನ್ನು ತೋರಿಸಬೇಕು. 2026ರ ಫೆಬ್ರುವರಿಯಲ್ಲಿ ಕೊಂಡದ್ದು ಮುಂದಿನ ವರ್ಷದ ರಿಟರ್ನ್‌ಗೆ. ಆದರೆ ಅದೇ ಫೆಬ್ರುವರಿಯಲ್ಲಿ ಏನಾದರೂ ಮಾರಿ ಲಾಭ ಮಾಡಿದ್ದರೆ ಆ ಲಾಭ ಮಾತ್ರ 2026ರ ಜುಲೈನ ರಿಟರ್ನ್‌ಗೇ, ಏಕೆಂದರೆ ಲಾಭಕ್ಕೆ ಏಪ್ರಿಲ್-ಮಾರ್ಚ್ ಲೆಕ್ಕ. ಒಂದೇ ಫಾರ್ಮಿನಲ್ಲಿ ಎರಡು ಕ್ಯಾಲೆಂಡರ್. ಯಾರು ಯೋಚಿಸಿ ಹೀಗೆ ಮಾಡಿದರೋ!

ಷೇರಿನ ಕೋಷ್ಟಕ 'ಎ3'. ದೇಶ, ಕಂಪನಿ ಹೆಸರು, ವಿಳಾಸ ಕೇಳುತ್ತದೆ. ಟೆಸ್ಲಾದ್ದು 1 ಟೆಸ್ಲಾ ರೋಡ್, ಆಸ್ಟಿನ್, ಟೆಕ್ಸಾಸ್, 78725. ಆಮೇಲೆ ಕೊಂಡ ದಿನಾಂಕ, ಕೊಂಡ ಬೆಲೆ, ವರ್ಷದಲ್ಲಿ ಅತಿ ಹೆಚ್ಚು ಮುಟ್ಟಿದ ಮೌಲ್ಯ, ಡಿಸೆಂಬರ್ 31ರ ಮೌಲ್ಯ, ಬಂದ ಡಿವಿಡೆಂಡ್, ಮಾರಿದ ದುಡ್ಡು. ಎಲ್ಲವೂ ರೂಪಾಯಿಯಲ್ಲಿ. ಪ್ರತಿ ಸಲ ಕೊಂಡದ್ದಕ್ಕೂ ಒಂದೊಂದು ಸಾಲು. ಬ್ರೋಕರ್ ಖಾತೆಯನ್ನು ಬೇರೆಯಾಗಿ 'ಎ2' ಕೋಷ್ಟಕದಲ್ಲಿ ತೋರಿಸಬೇಕು, ಇದು ಬ್ಯಾಂಕಿನ ಎ2 ಫಾರ್ಮ್ ಅಲ್ಲ. ಒಳ್ಳೆಯ ಆಪ್‌ಗಳು ಈ ಪಟ್ಟಿಯನ್ನು ಸಿದ್ಧ ಮಾಡಿ ಕೊಡುತ್ತವೆ. ನಿಮ್ಮ ಹಾಳೆಯ ಜೊತೆ ತಾಳೆ ನೋಡಿ.

ತೋರಿಸದಿದ್ದರೆ? 2015ರ ಕಪ್ಪುಹಣ ಕಾಯ್ದೆಯಲ್ಲಿ ದಂಡ ಹತ್ತು ಲಕ್ಷ ರೂಪಾಯಿ. 2024ರ ಅಕ್ಟೋಬರ್‌ನಿಂದ ಇಪ್ಪತ್ತು ಲಕ್ಷದೊಳಗಿನ ಷೇರು, ಖಾತೆ ಇಂಥವುಗಳಿಗೆ ಈ ದಂಡ ಇಲ್ಲ. ತೋರಿಸುವ ಕರ್ತವ್ಯ ಮಾತ್ರ ಹಾಗೇ ಇದೆ. ಇಲಾಖೆಗೆ ಹೇಗೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಜೊತೆ 2015ರಿಂದಲೇ ಮಾಹಿತಿ ಹಂಚಿಕೆ ಒಪ್ಪಂದ ಇದೆ. 2024ರ ನವೆಂಬರ್‌ನಲ್ಲಿ, ವಿದೇಶಿ ಆಸ್ತಿ ಇದ್ದೂ ತೋರಿಸದವರಿಗೆ ಇಲಾಖೆಯೇ ಎಸ್‌ಎಂಎಸ್, ಇಮೇಲ್ ಕಳಿಸಿತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡಿ ಅಮೆರಿಕದ ಕಂಪನಿಯ ಆರ್‌ಎಸ್‌ಯು (ಕೆಲಸಗಾರರಿಗೆ ಕಂಪನಿಯೇ ಕೊಡುವ) ಷೇರು ಪಡೆದವರಿಗೂ ಇದೇ ನಿಯಮ. 'ನಾನು ಕೊಂಡಿಲ್ಲ, ಕಂಪನಿ ಕೊಟ್ಟದ್ದು' ಅನ್ನುವ ಮಾತು ನಡೆಯಲ್ಲ.

ಮೊದಲ ವರ್ಷ ಒಬ್ಬ ಸಿಎ ಕೈಯಲ್ಲಿ ಮಾಡಿಸಿ. ಅವರಿಗೆ ವಿದೇಶಿ ಷೇರಿನ ಅಭ್ಯಾಸ ಇದೆಯೇ ಅಂತ ಮುಂಚೆಯೇ ಕೇಳಿ, ಎಲ್ಲರಿಗೂ ಇರಲ್ಲ. ಅವರ ಫೀಸನ್ನೂ ನಾಲ್ಕನೇ ಹಂತದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಣ್ಣ ಮೊತ್ತಕ್ಕೆ ಫಂಡ್ ದಾರಿಯೇ ವಾಸಿ ಅಂದದ್ದಕ್ಕೆ ಇದೂ ಒಂದು ಕಾರಣ.

8. ಮನೆಯವರಿಗೆ ಗೊತ್ತಿರಲಿ

ಅಮೆರಿಕದಲ್ಲಿ ಉತ್ತರಾಧಿಕಾರ ತೆರಿಗೆ ಇದೆ. ಅಲ್ಲಿ ವಾಸವಿಲ್ಲದವರು ಸತ್ತಾಗ ಅವರ ಹೆಸರಲ್ಲಿ 60,000 ಡಾಲರ್‌ಗಿಂತ ಹೆಚ್ಚು ಅಮೆರಿಕದ ಷೇರು ಇದ್ದರೆ, ಮೇಲಿನ ಭಾಗಕ್ಕೆ ಶೇ 40ರವರೆಗೂ ತೆರಿಗೆ ಬೀಳಬಹುದು. ಈ ವಿಷಯದಲ್ಲಿ ಭಾರತ-ಅಮೆರಿಕ ಒಪ್ಪಂದ ಇಲ್ಲ. ಆ ಮೊತ್ತದ ಹತ್ತಿರ ಹೋಗುತ್ತಿರುವವರು ಗಂಡ-ಹೆಂಡತಿ ಬೇರೆ ಬೇರೆ ಖಾತೆ ಇಟ್ಟುಕೊಳ್ಳುವ ಬಗ್ಗೆ ತಿಳಿದವರ ಹತ್ತಿರ ಮಾತಾಡಿ.

ನಮ್ಮ ಡಿಮ್ಯಾಟ್ ಖಾತೆಯ ಹಾಗೆ ನಾಮಿನಿ ಹಾಕುವ ಸೌಲಭ್ಯ ಎಲ್ಲ ಅಮೆರಿಕದ ಬ್ರೋಕರ್‌ಗಳಲ್ಲೂ ಇರುವುದಿಲ್ಲ. ಅಲ್ಲಿಂದ ಕಾಗದದ ಪತ್ರ ಬರಲ್ಲ, ಎಲ್ಲವೂ ನಿಮ್ಮ ಇಮೇಲ್‌ನಲ್ಲಿ. ಆಪ್ ಹೆಸರು, ಅದರ ಹಿಂದಿನ ಬ್ರೋಕರ್ ಹೆಸರು, ಖಾತೆ ಸಂಖ್ಯೆ, ದುಡ್ಡು ಹೋದ ಬ್ಯಾಂಕ್, ಸಿಎ ಫೋನ್ ನಂಬರ್ ಇಷ್ಟನ್ನು ಬರೆದು ಮನೆಯ ಎಲ್‌ಐಸಿ ಪಾಲಿಸಿ ಇಡುವ ಫೈಲ್‌ನಲ್ಲೇ ಹಾಕಿಡಿ. ವಿಲ್ ಬರೆಯುವುದಾದರೆ ಅದರಲ್ಲೂ ಈ ಖಾತೆಯ ಹೆಸರು ಹೇಳಿ.